ಶರಾವತಿಯ ಕೊಳ್ಳಕ್ಕೆ ಒಂದು ದಿನದ ಪಯಣ

ಕಳೆದ ಶ್ರಾವಣದಲ್ಲಿ ನಮ್ಮ ಅಕ್ಕನವರು ಜೋಗವನ್ನು ನೋಡಬೇಕೆಂದು ಅಪೇಕ್ಷಿಸಿದರು. ಅವರಿಗೆ ಎಪ್ಪತ್ತೈದು ವರ್ಷ. ನಮಗಿಂತ ಹದಿನೈದು ವರ್ಷ ಹಿರಿಯರು. 1964ರಲ್ಲಿ ಲಿಂಗನಮಕ್ಕಿಯ ಅಣೆಕಟ್ಟು ಮುಗಿದು ಶರಾವತಿಯ ದಂಡೆಯ ಹಳ್ಳಿಗಳು ಮುಳುಗಿದಾಗ ನಮ್ಮ ಮನೆತನದವರು ಊರು ಬಿಟ್ಟರು. ಆಗ ಅಕ್ಕನವರು ಹದಿನಾಲ್ಕರ ಬಾಲೆ. ನಾವು ಹುಟ್ಟಿದುದೇ ಹೊಸ ಊರಿನಲ್ಲಿ.

ಬೆಳಗ್ಗೆ ಸಾಗರದಿಂದ ಬಾಡಿಗೆಯ ಕಾರಿನಲ್ಲಿ ಹೊರಟೆವು. ಜೋಗಕ್ಕೆ ಅಲ್ಲಿಂದ ಸುಮಾರು 30 ಕಿಲೋಮೀಟರು. ತಗ್ಗಿನಲ್ಲಿ ಅಡಕೆಯ ತೋಟ, ಅದರ ಮಗ್ಗುಲಿಗೆ ಸೊಪ್ಪಿನ ಬೆಟ್ಟ. ಬೆಟ್ಟದ ಸೊಪ್ಪು ಕೊಟ್ಟಿಗೆಗೆ ಬಂದು, ಗೊಬ್ಬರವಾಗಿ ತೋಟಕ್ಕೆ ಇಳಿಯುವುದು ಈ ಸೀಮೆಯ ಬೇಸಾಯದ ಕ್ರಮ. ಅಡಕೆಯ ಮರಗಳಿಗೆ ಮೆಣಸಿನ ಬಳ್ಳಿ ಹಬ್ಬಿತ್ತು. ನೆರಳಿನಲ್ಲಿ ಏಲಕ್ಕಿ, ಬಾಳೆ. ಮಳೆ ಹೊಳವು ಕೊಟ್ಟಿದ್ದರಿಂದ ಒಂದು ತೋಟದಲ್ಲಿ ಕೊಳೆರೋಗಕ್ಕೆ ಔಷಧ ಹೊಡೆಯುತ್ತಿದ್ದರು. ಮೈಲುತುತ್ತ, ಸುಣ್ಣಗಳ ಆ ನೀಲಿಯ ದ್ರಾವಣ ಮರದ ತುದಿಯಿಂದ ತೊಟ್ಟಿಕ್ಕುತ್ತಿತ್ತು. ಅಕ್ಕನವರು ಕಾರನ್ನು ನಿಲ್ಲಿಸಿ ಬಹಳ ಹೊತ್ತು ನೋಡಿದರು. ಮುಳುಗಿದ ನಮ್ಮ ತೋಟದ ಮರಗಳನ್ನು ತಂದೆಯವರು ಸಾಲುಸಾಲಾಗಿ ಎಣಿಸಿ ಬಂದಿದ್ದರಂತೆ.

ತಾಳಗುಪ್ಪವನ್ನು ದಾಟಿದ ಮೇಲೆ ಮಳೆ ಮತ್ತೆ ಹಿಡಿಯಿತು. ಜೋಗದ ಅಂಚಿನಲ್ಲಿ ಮೊದಲು ಮಂಜು ಮಾತ್ರ ಕಂಡಿತು. ಅರ್ಧ ಗಂಟೆ ಕಾದ ಬಳಿಕ ಅದು ತೆರೆಯಂತೆ ಸರಿಯಲು ರಾಜ, ರಾಣಿ, ರೋರರ್, ರಾಕೆಟ್ ನಾಲ್ಕೂ ಕಾಣಿಸಿದುವು. ರಾಜನು 253 ಮೀಟರು ಎತ್ತರದಿಂದ ಬೀಳುವವನು. ಕೆಳಗಿನ ಕೊಳ್ಳವೆಲ್ಲ ದಟ್ಟವಾದ ಮಳೆಕಾಡು, ಕಣಿವೆಯಲ್ಲಿ ಸಿಂಗಳೀಕಗಳ ನೆಲೆ. ಅವು ನಮಗೆ ದರ್ಶನವೀಯಲಿಲ್ಲ, ಉಂಬಳಗಳು ಮಾತ್ರ ಧಾರಾಳವಾಗಿ ಕೊಟ್ಟುವು!

ರಾಮನ ಬಾಣದಿಂದ ಅಂಬುತೀರ್ಥದಲ್ಲಿ ಹುಟ್ಟಿದುದರಿಂದ ಶರಾವತಿ ಎಂದು ಜನ ಹೇಳುವರು. ‘ಶರ’ವೆಂದರೆ ಜೊಂಡುಹುಲ್ಲೂ ಹೌದು, ನಡುವಣ ದೀರ್ಘಕ್ಕೆ ಪಾಣಿನಿಯ ಸೂತ್ರವೇ ಉಂಟು. ಇದನ್ನು ವಿವರಿಸಲು ತೊಡಗಿದೆವು. ಅಕ್ಕನವರು ಅರ್ಧಕ್ಕೇ ತಡೆದು, “ತಮ್ಮಾ, ನಮ್ಮ ಮನೆ ಮೇಲೆ ನಿಂತ ನೀರೇ ಇಲ್ಲಿ ಬೀಳ್ತಾ ಇರೋದಾ?” ಎಂದು ಕೇಳಿದರು.

ಮೇಷ್ಟರ ಅಭ್ಯಾಸ ಎಲ್ಲಿಗೆ ಹೋದೀತು? ಜಲಾಶಯದ ನೀರು ತಳಕಳಲೆಯ ಮಾರ್ಗವಾಗಿ ವಿದ್ಯುದಾಗಾರಕ್ಕೆ ಹೋಗುವುದೆಂದೂ, ಅಣೆಕಟ್ಟು ತುಂಬಿ ಬಾಗಿಲು ತೆರೆದಾಗ ಮಾತ್ರ ಇಲ್ಲಿಗೆ ಬರುವುದೆಂದೂ, ಈಗ ಬೀಳುತ್ತಿರುವುದು ಅಣೆಕಟ್ಟಿನ ಕೆಳಗೆ ಸುರಿದ ಮಳೆಯೆಂದೂ ತಿಳಿಸಿದೆವು.

“ಹಾಗಾದರೆ ಅದು ಇನ್ನೂ ಅಲ್ಲೇ ಇದೆ” ಎಂದರು.

ಉತ್ತರ ತೋಚದೆ ಕೊಡೆಯನ್ನು ಅವರ ಕಡೆಗೆ ಸರಿಸಿದೆವು. ಕಟ್ಟಿ ತಂದಿದ್ದ ಬುತ್ತಿಯನ್ನು ಕಾರಿನೊಳಗೇ ಕುಳಿತು ಉಂಡೆವು. ಹಿಂದಿರುಗುವಾಗ, 1964ರಲ್ಲೇ ಮುಳುಗಿದ ಮಡೆನೂರಿನ ಹಳೆಯ ಅಣೆಕಟ್ಟು ನೀರಿಳಿದ ಬೇಸಗೆಗಳಲ್ಲಿ ಮೇಲೆ ಕಾಣುವುದೆಂದು ಮಾತಿಗೆ ಹೇಳಿದೆವು. ಅಕ್ಕನವರು ಆಗ ಏನೂ ಅನ್ನಲಿಲ್ಲ. ಮನೆ ಸೇರಿ ಕಾಲು ತೊಳೆದವರು ಕನ್ನಡಕವನ್ನೂ ಪಂಚಾಂಗವನ್ನೂ ತರಿಸಿಕೊಂಡು, ಮುಂದಿನ ವೈಶಾಖ ಎಂದಿನಿಂದ ಎಂದು ಎಣಿಸತೊಡಗಿದರು.