‘ಸವೆತ’ವೆಂಬ ಮಾತು

ಕಾಸರಗೋಡಿನ ಕನ್ನಡ ಮನೆಗಳಿಗೆ ಆಸ್ಪತ್ರೆಯ ವರದಿಗಳು ಬರುವುದು ಇಂಗ್ಲಿಷಿನಲ್ಲಿ. ಅವನ್ನು ಹಿರಿಯರಿಗೆ ತಿಳಿಸಿ ಹೇಳುವ ಹೊಣೆ ಅನೇಕ ವೇಳೆ ಶಾಲೆಗೆ ಹೋಗುವ ಮಕ್ಕಳದು. ಉನ್ಮಾದ, ಖಿನ್ನತೆಗಳ ನಡುವೆ ಹಲವು ವರ್ಷ ತೂಗಾಡಿದ ಅಜ್ಜನೊಬ್ಬನ ಸ್ಕ್ಯಾನ್ ವರದಿಯಲ್ಲಿ ‘ಅಟ್ರೊಫಿ’ ಎಂಬ ಪದವಿದ್ದರೆ, ನಿಘಂಟು ತೆರೆದ ಮೊಮ್ಮಗಳು ‘ಮಿದುಳು ಸವೆದಿದೆ’ ಎನ್ನುತ್ತಾಳೆ. ಇನ್ನು ಮದ್ದು ಕೊಟ್ಟು ಫಲವೇನು ಎಂಬ ನಿರಾಸೆ ಆ ಒಂದು ಮಾತಿನೊಡನೆ ಮನೆಯೊಳಗೆ ಕಾಲಿಡುತ್ತದೆ.

ಆ ಮಾತು ಪೂರ್ಣಸತ್ಯವಲ್ಲ. ವಯಸ್ಸಾದಂತೆ ಎಲ್ಲರ ಮಿದುಳೂ ಕುಗ್ಗುತ್ತದೆ. ಹೊರಪದರ ತೆಳುವಾಗುತ್ತದೆ, ದ್ರವ ತುಂಬಿದ ಒಳಕುಹರಗಳು ಹಿಗ್ಗುತ್ತವೆ. ಬೈಪೋಲಾರ್ ಕಾಯಿಲೆಯಲ್ಲಿ ಇದರ ಪರಿ ಹೇಗೆ? ‘ಎನಿಗ್ಮಾ’ ಎಂಬ ಅಂತಾರಾಷ್ಟ್ರೀಯ ಸಂಶೋಧಕರ ಕೂಟವು 2,447 ರೋಗಿಗಳನ್ನು 4,056 ಇತರರೊಡನೆ ಹೋಲಿಸಿದಾಗ, ರೋಗಿಗಳ ಹೊರಪದರವು ಹಣೆಯ ಹಿಂದಣ ಹಾಗೂ ಕಿವಿಯ ಬದಿಯ ಭಾಗಗಳಲ್ಲಿ ಸರಾಸರಿ ತುಸು ತೆಳುವಾಗಿತ್ತು. ಆದರೆ ತೋಟದ ಎರಡು ಅಡಕೆ ಮರಗಳನ್ನು ಒಂದು ದಿನ ಅಳೆದ ಮಾತ್ರಕ್ಕೆ ಯಾವುದು ಬೇಗ ಬೆಳೆಯುತ್ತಿದೆಯೆಂದು ತಿಳಿಯದು. ಕಾಲ ಕಳೆದು ಮತ್ತೆ ಅಳೆಯಬೇಕು. ಅದೇ ಕೂಟವು 307 ರೋಗಿಗಳನ್ನೂ 925 ಇತರರನ್ನೂ ಹಾಗೆ ಮರಳಿ ಪರೀಕ್ಷಿಸಿತು. ರೋಗಿಗಳಲ್ಲಿ ಕುಹರಗಳು ಬೇಗ ಹಿಗ್ಗಿದ್ದವು, ನಿಜ. ಹೊರಪದರವಾದರೋ ಒಟ್ಟಾರೆ ಇತರರದಕ್ಕಿಂತ ವೇಗವಾಗಿ ತೆಳುವಾಗಿರಲಿಲ್ಲ. ಉನ್ಮಾದ ಹೆಚ್ಚು ಬಾರಿ ಮರುಕಳಿಸಿದವರಲ್ಲಿ ಮಾತ್ರ ಮಿದುಳಿನ ಮುಂಭಾಗದಲ್ಲಿ ಆ ವೇಗ ಹೆಚ್ಚಾಗಿತ್ತು.

ಮದ್ದಿನ ಬೆಲೆ ತಿಳಿಯುವುದು ಇಲ್ಲಿಯೇ. ಆಸ್ಟ್ರೇಲಿಯಾದ ವೈದ್ಯ ಜಾನ್ ಕೇಡ್ 1949ರಲ್ಲಿ ಉನ್ಮಾದಕ್ಕೆ ಲಿಥಿಯಂ ಗುಣಕಾರಿಯೆಂದು ಪ್ರಕಟಿಸಿದರು. ಅದು ಮರುಕಳಿಕೆಯನ್ನು ತಗ್ಗಿಸುತ್ತದೆ. ಅದನ್ನು ಸೇವಿಸುವವರಲ್ಲಿ ಹೊರಪದರದ ತೆಳುವು ಕಡಮೆಯಿರುವುದನ್ನೂ ಎನಿಗ್ಮಾ ಗುರುತಿಸಿದೆ. ಹಾಗೆಂದು ಅದು ನಿರಪಾಯಕಾರಿಯಲ್ಲ. ರಕ್ತದಲ್ಲಿ ಅದರ ಪ್ರಮಾಣ, ಮೂತ್ರಪಿಂಡ, ಥೈರಾಯ್ಡ್ ಇವುಗಳ ಪರೀಕ್ಷೆ ಕಾಲಕಾಲಕ್ಕೆ ನಡೆಯಬೇಕು.

ಸರಾಸರಿಯೆಂಬುದು ಗುಂಪಿನ ಮಾತು, ಒಬ್ಬನ ಹಣೆಬರಹವಲ್ಲ. ಸ್ಕ್ಯಾನ್ ಒಂದರಿಂದಲೇ ಈ ಕಾಯಿಲೆಯನ್ನು ನಿರ್ಣಯಿಸಲೂ ಆಗದು. ಮನೆಯವರ ಕೈಯಲ್ಲಿರುವುದು ಬೇರೆ: ಗುಣವಾಯಿತೆಂದು ತಾವಾಗಿಯೇ ಮಾತ್ರೆ ನಿಲ್ಲಿಸದಿರುವುದು, ನಿದ್ದೆ ಕಡಮೆಯಾಗಿ ಮಾತು ಮಿತಿಮೀರಿದ ದಿನವೇ ವೈದ್ಯರನ್ನು ಕಾಣುವುದು. ದಾರಿ ತೋಚದಿದ್ದರೆ ಸರಕಾರದ ಟೆಲಿಮಾನಸ್ ಸಂಖ್ಯೆ 14416 ಇದೆ. ತಡೆದ ಒಂದೊಂದು ಮರುಕಳಿಕೆಯೂ ಆ ಮನೆಯ ಹಿರಿಯನಿಗೆ ಉಳಿದ ನೆಮ್ಮದಿಯ ಕಾಲ.