ಮಸೂರದ ನಾಡಿನಲ್ಲಿ ಮನೆಗೊಂದು ಲೆನ್ಸ್

ವೆಲ್ಡ್‌ಹೋವನ್ ಎಂದರೆ ಊರಿನಲ್ಲಿರುವ ಬಂಧುಗಳಿಗೆ ತಕ್ಷಣ ಗೊತ್ತಾಗುವುದಿಲ್ಲ. ‘ಐಂಡ್‌ಹೋವನ್ ಪಕ್ಕ’ ಎಂದರೆ ಸ್ವಲ್ಪ, ‘ಎಎಸ್‌ಎಂಎಲ್ ಇರುವ ಊರು’ ಎಂದರೆ ಮನೆಯಲ್ಲೊಬ್ಬ ಎಂಜಿನಿಯರ್ ಇದ್ದರೆ ಪೂರ್ತಿ ಅರ್ಥವಾಗುತ್ತದೆ. 1921ರಲ್ಲಿ ಊರ್ಲೆ, ಝೇಲ್ಸ್ಟ್, ಮೇರ್‌ವೆಲ್ಡ್‌ಹೋವನ್‌ನಂಥ ಹಳ್ಳಿಗಳು ಒಂದಾಗಿ ಇಂದಿನ ವೆಲ್ಡ್‌ಹೋವನ್ ಆಯಿತು. ‘ಊರ್ಲೆ’ ಎಂಬ ಹೆಸರು ಕನ್ನಡವೇ ಎಂದು ನಮ್ಮ ಮಗಳು ಬಹಳ ದಿನ ನಂಬಿದ್ದಳು. ಆ ಕಡೆಗೆ ಸೈಕಲ್ ತುಳಿದರೆ ಮುಸುಕಿನ ಜೋಳದ ಹೊಲ, ಹಸುಗಳು, ಚರ್ಚಿನ ಗೋಪುರ. ಇನ್ನೊಂದು ದಿಕ್ಕಿಗೆ ಹೊರಟರೆ ‘ಡೆ ರುನ್’ ಎಂಬ ಕೈಗಾರಿಕಾ ಪ್ರದೇಶ, ಅಲ್ಲಿ ಚಿಪ್ ತಯಾರಿಸುವ ಯಂತ್ರಗಳನ್ನು ಕಟ್ಟುವ ದೊಡ್ಡ ದೊಡ್ಡ ಕಟ್ಟಡಗಳು.

ಈ ದೇಶಕ್ಕೂ ಮಸೂರಕ್ಕೂ ಹಳೆಯ ನಂಟು. 1608ರಲ್ಲಿ ಮಿಡಲ್‌ಬರ್ಗ್‌ನ ಕನ್ನಡಕದ ಕಸುಬುದಾರ ಹಾನ್ಸ್ ಲಿಪ್ಪರ್‌ಶೇ ದೂರದರ್ಶಕಕ್ಕೆ ಪೇಟೆಂಟ್ ಕೇಳಿ ಅರ್ಜಿ ಹಾಕಿದ. ಅದೇ ಶತಮಾನದಲ್ಲಿ ಡೆಲ್ಫ್ಟ್‌ನ ಬಟ್ಟೆ ವ್ಯಾಪಾರಿ ಲೇವನ್‌ಹುಕ್ ಕಡಲೆಗಿಂತಲೂ ಚಿಕ್ಕದಾದ ಒಂದೇ ಮಸೂರದಲ್ಲಿ ಕೆರೆಯ ನೀರಿನೊಳಗಿನ ಸೂಕ್ಷ್ಮಜೀವಿಗಳನ್ನು ಕಂಡ. ಇಂದು ವೆಲ್ಡ್‌ಹೋವನ್‌ನ ಅತ್ಯಾಧುನಿಕ ಯಂತ್ರಗಳು 13.5 ನ್ಯಾನೋಮೀಟರ್ ತರಂಗಾಂತರದ ಬೆಳಕನ್ನು ಬಳಸುತ್ತವೆ. ಆ ಬೆಳಕನ್ನು ಗಾಜು ಹೀರಿಕೊಂಡುಬಿಡುತ್ತದೆ. ಹಾಗಾಗಿ ಅವುಗಳಲ್ಲಿ ಮಸೂರದ ಬದಲು, ಜರ್ಮನಿಯ ಒಬರ್‌ಕೊಖನ್‌ನಲ್ಲಿ ಝೈಸ್ ತಯಾರಿಸುವ ಕನ್ನಡಿಗಳಿವೆ.

ತಮಾಷೆ ಏನೆಂದರೆ, ಆಫೀಸಿನಲ್ಲಿ ಕನ್ನಡಿಯೇ ಸರ್ವಸ್ವವಾದವರು ಮನೆಗೆ ಕೊಳ್ಳುವುದು ಕನ್ನಡಿಯೇ ಇಲ್ಲದ ಮಿರರ್‌ಲೆಸ್ ಕ್ಯಾಮೆರಾ. ಇಲ್ಲಿನ ಕನ್ನಡ ಮನೆಗಳ ಹುಟ್ಟುಹಬ್ಬಗಳಲ್ಲಿ ಬಿಸಿಬೇಳೆಬಾತ್ ತಟ್ಟೆಗೆ ಬೀಳುವ ಹೊತ್ತಿಗೆ ಒಬ್ಬರಾದರೂ ಕೇಳುತ್ತಾರೆ: “ಕ್ಯಾಮೆರಾ ಏನೋ ತಗೊಂಡ್ವಿ. ಒಂದೇ ಒಂದು ಲೆನ್ಸ್ ಅಂದ್ರೆ ಯಾವುದು?”

ಮುಖ ಮಾತ್ರ ಸಾಕೆ?

ಹಗಲು ಬೆಳಕಿನಲ್ಲಿ ಫೋನ್ ಸಾಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಅಜ್ಜಿ-ತಾತನಿಗೆ ನಾವು ವಾಟ್ಸಾಪ್‌ನಲ್ಲಿ ಕಳಿಸುವ ಚಿತ್ರಗಳನ್ನು ಒಮ್ಮೆ ಸಾಲಾಗಿ ನೋಡಿ. ಮಗುವಿನ ಮುಖ, ಮಗುವಿನ ಮುಖ, ಕೇಕ್, ಮತ್ತೆ ಮುಖ. ಚಿತ್ರ ತೆಗೆದದ್ದು ವೆಲ್ಡ್‌ಹೋವನ್‌ನಲ್ಲೋ ದಾವಣಗೆರೆಯಲ್ಲೋ ತಿಳಿಯುವುದೇ ಇಲ್ಲ.

ನಮ್ಮಂಥವರಿಗೆ ಇದು ಸಣ್ಣ ವಿಷಯವಲ್ಲ. ಎಷ್ಟೋ ಕುಟುಂಬಗಳಿಗೆ ಈ ಊರು ಕೆಲವು ವರ್ಷಗಳ ನಿಲ್ದಾಣ. ‘ಮೂವತ್ತು ಪರ್ಸೆಂಟ್ ರೂಲಿಂಗ್’ ಎಂಬ ತೆರಿಗೆ ರಿಯಾಯಿತಿಯ ಅವಧಿಯೇ ಐದು ವರ್ಷ. ಅದು ಮುಗಿಯುವ ಹೊತ್ತಿಗೆ ಇಲ್ಲೇ ಮನೆ ಕೊಳ್ಳುವುದೋ, ಬೆಂಗಳೂರಿಗೆ ಮರಳುವುದೋ ಎಂಬ ಮಾತು ಮನೆ ಮನೆಯಲ್ಲೂ ಏಳುತ್ತದೆ. ಮೂರನೇ ವಯಸ್ಸಿನಲ್ಲಿ ಬಂದು ಎಂಟನೇ ವಯಸ್ಸಿಗೆ ಹೊರಟ ಮಗುವಿಗೆ ಈ ಬೀದಿ, ಈ ಸೈಕಲ್ ದಾರಿ, ಡಚ್ ಕಲಿಸಿದ ಈ ಶಾಲೆಯ ಗೇಟು ಎಷ್ಟು ನೆನಪಿರುತ್ತದೆ? ಆಡದ ಭಾಷೆ ಮಕ್ಕಳಿಂದ ಬೇಗ ಜಾರುತ್ತದೆ ಎಂಬುದು ಕನ್ನಡದ ವಿಷಯದಲ್ಲಿ ನಮಗೆಲ್ಲ ಗೊತ್ತು. ಹೊರಟುಹೋದ ಮೇಲೆ ಡಚ್‌ಗೂ ಅದೇ ಗತಿ. ಮಗುವೂ ಅದರ ಜಾಗವೂ ಒಟ್ಟಿಗೆ ಇರುವ ಚಿತ್ರವಿದ್ದರೆ ಎರಡೂ ಭಾಷೆಗೆ ಮಾತಿನ ಹಿಡಿ ಸಿಗುತ್ತದೆ. ಆದ್ದರಿಂದ ಯಾವ ಲೆನ್ಸ್ ಎಂಬ ಪ್ರಶ್ನೆಗೆ ಮೊದಲು ನನಗೆ ಹೊಳೆಯುವ ಪ್ರತಿಪ್ರಶ್ನೆ: ಚಿತ್ರದಲ್ಲಿ ಏನೇನು ಇರಬೇಕು?

ಅಂಕಿಗಳನ್ನು ಓದುವ ಬಗೆ

ಲೆನ್ಸ್ ಮೇಲಿನ 24–70 ಮಿಮೀ ಎಂಬುದು ಸಂಗಮ ದೂರ, ಅಂದರೆ ಫೋಕಲ್ ಲೆಂತ್. 36×24 ಮಿಮೀ ಅಳತೆಯ ಫುಲ್ ಫ್ರೇಮ್ ಸೆನ್ಸರ್‌ನಲ್ಲಿ 24 ಮಿಮೀಗೆ ಸುಮಾರು 84 ಡಿಗ್ರಿ ನೋಟ. ಮಗು, ಬಾಕ್‌ಫೀಟ್ಸ್ ಎಂಬ ಪೆಟ್ಟಿಗೆ ಸೈಕಲ್, ಹಿಂದಿನ ಇಟ್ಟಿಗೆ ಮನೆಗಳ ಸಾಲು, ಮೇಲಿನ ಮೋಡ ಎಲ್ಲವೂ ಹಿಡಿಸುತ್ತವೆ. 70 ಮಿಮೀಗೆ ನೋಟ ಸುಮಾರು 34 ಡಿಗ್ರಿಗೆ ಇಳಿಯುತ್ತದೆ. ಮುಖ ಅಂದವಾಗಿ ಬರುತ್ತದೆ, ಜಾಗ ಹೊರಗುಳಿಯುತ್ತದೆ. ಇವೆರಡರ ನಡುವೆ ಓಡಾಡುವ ಜೂಮ್‌ಗೆ ‘ಸ್ಟ್ಯಾಂಡರ್ಡ್’ ಎಂಬ ಹೆಸರು.

ಎಪಿಎಸ್-ಸಿ ಎಂಬ ಚಿಕ್ಕ ಸೆನ್ಸರ್ ನಿಮ್ಮ ಕ್ಯಾಮೆರಾದಲ್ಲಿದ್ದರೆ ಲೆನ್ಸ್ ಮೇಲಿನ ಅಂಕಿಯನ್ನು 1.5ರಿಂದ (ಕ್ಯಾನನ್‌ನಲ್ಲಿ 1.6ರಿಂದ) ಗುಣಿಸಿ. ಅಲ್ಲಿ 16 ಮಿಮೀ ಎಂದರೆ 24 ಇದ್ದಂತೆ, 18 ಎಂದರೆ 27 ಇದ್ದಂತೆ. ಡಚ್ ಮನೆಗಳು ಅಗಲ ಕಡಿಮೆ, ಒಳಗೆ ಹಿಂದೆ ಸರಿಯಲು ಗೋಡೆ ಬಿಡುವುದಿಲ್ಲ. ಹಾಗಾಗಿ ದೂರದ ತುದಿಗಿಂತ ಅಗಲದ ತುದಿಗೆ ಹೆಚ್ಚು ಬೆಲೆ ಕೊಡಿ ಎಂಬುದು ನನ್ನ ಸಲಹೆ.

ಎರಡನೆಯದು ಬೆಳಕು. ಡಿಸೆಂಬರ್‌ನಲ್ಲಿ ಇಲ್ಲಿ ಬೆಳಗಿನ ಎಂಟೂಮುಕ್ಕಾಲಿಗೆ ಸೂರ್ಯ ಕಾಣಿಸಿ ಸಂಜೆ ನಾಲ್ಕೂವರೆಗೆ ಮುಳುಗುತ್ತಾನೆ. ಮಕ್ಕಳು ಶಾಲೆ ಮುಗಿಸಿ ಬರುವಾಗಲೇ ಮಬ್ಬು. ಸಿಂಟರ್‌ಕ್ಲಾಸ್, ನಮ್ಮ ರಾಜ್ಯೋತ್ಸವದ ನಾಟಕ, ದೀಪಾವಳಿ, ಎಲ್ಲ ಬರುವುದು ಕತ್ತಲೆಯ ಕಾಲದಲ್ಲೇ. ಕ್ಯಾಮೆರಾ ಜೊತೆ ಬರುವ ಕಿಟ್ ಜೂಮ್‌ನ ದೂರದ ತುದಿಯಲ್ಲಿ ಸಾಮಾನ್ಯವಾಗಿ ಎಫ್/5.6 ಇರುತ್ತದೆ. ಎಫ್/2.8 ಲೆನ್ಸ್ ಅದರ ನಾಲ್ಕರಷ್ಟು ಬೆಳಕನ್ನು ಒಳಗೆ ಬಿಡುತ್ತದೆ. ಅಂದರೆ ಕಿಟ್ ಲೆನ್ಸ್ 1/60 ಸೆಕೆಂಡ್ ಕೇಳುವ ಕಡೆ ನಿಮಗೆ 1/250 ಸಿಗುತ್ತದೆ. ವೇದಿಕೆಯ ಮೇಲೆ ಕೈಬೀಸುವ ಪುಟಾಣಿ ಓಬವ್ವನ ಒನಕೆ ಮಸುಕಾಗದಿರಲು ಇದು ಬೇಕು. ‘ಸ್ಟೆಬಿಲೈಸೇಶನ್ ಇದೆಯಲ್ಲ’ ಎಂದರೆ, ಅದು ತಡೆಯುವುದು ನಮ್ಮ ಕೈ ನಡುಕವನ್ನು. ಮಗುವಿನ ಓಟವನ್ನಲ್ಲ.

ಮೂರನೆಯದು ತೂಕ. ಇಲ್ಲಿ ನಮ್ಮ ಓಡಾಟ ಸೈಕಲ್ ಮೇಲೆ. ಚೀಲದಲ್ಲಿ ಮಳೆಕೋಟು, ನೀರಿನ ಬಾಟಲಿ, ಬದಲಿ ಕಾಲುಚೀಲ, ಚಕ್ಕುಲಿ ಡಬ್ಬಿ ಈಗಾಗಲೇ ತುಂಬಿರುತ್ತವೆ. ಭಾರದ ಲೆನ್ಸ್ ಎರಡು ವಾರ ಜೊತೆಗೆ ಬಂದು ಮೂರನೇ ವಾರದಿಂದ ಕಪಾಟಿನಲ್ಲೇ ಉಳಿಯುತ್ತದೆ.

ಹಾಗಾದರೆ ಯಾವುದು?

ಎಪಿಎಸ್-ಸಿ ಕ್ಯಾಮೆರಾ ಇದ್ದವರಿಗೆ ದಾರಿ ಸುಲಭ. ಸಿಗ್ಮಾದ 18–50 ಮಿಮೀ ಎಫ್/2.8 ಸುಮಾರು 290 ಗ್ರಾಂ, ಕೋಟಿನ ಜೇಬಿಗೂ ಹೋಗುವಷ್ಟು ಚಿಕ್ಕದು. ಟ್ಯಾಮ್ರಾನ್ 17–70 ಮಿಮೀ ಎಫ್/2.8 ಹೆಚ್ಚು ದೂರಕ್ಕೂ ಎಟುಕುತ್ತದೆ, ತೂಕ 525 ಗ್ರಾಂ. ಸೋನಿ, ಫ್ಯೂಜಿ ಎರಡೂ ಕ್ಯಾಮೆರಾಗಳಿಗೆ ಇವು ಸಿಗುತ್ತವೆ. ಮಕ್ಕಳಿರುವ ಮನೆಗೆ ನನ್ನ ಮತ ಮೊದಲನೆಯದಕ್ಕೆ.

ಫುಲ್ ಫ್ರೇಮ್‌ನಲ್ಲಿ ಆಯ್ಕೆ ಕಷ್ಟ. ಎಫ್/2.8 ಬೇಕೆಂದರೆ ತೂಕವೂ ಬೆಲೆಯೂ ಏರುತ್ತವೆ. ಸೋನಿಯ 24–70ರ ಎರಡನೇ ಆವೃತ್ತಿ 695 ಗ್ರಾಂ. ಟ್ಯಾಮ್ರಾನ್ 28–75 ಎಫ್/2.8 ಸುಮಾರು 540 ಗ್ರಾಂ, ಆದರೆ ಅಗಲದ ತುದಿಯಲ್ಲಿ ನಾಲ್ಕು ಮಿಮೀ ಬಿಟ್ಟುಕೊಡಬೇಕು. ಅಂಕಿಯಲ್ಲಿ ಚಿಕ್ಕದಾಗಿ ಕಂಡರೂ ನೋಟದಲ್ಲಿ ಅದು ಒಂಬತ್ತು ಡಿಗ್ರಿಯ ನಷ್ಟ. ಹೊರಗಿನ ಸುತ್ತಾಟವೇ ಹೆಚ್ಚೆನ್ನುವವರಿಗೆ ಎಫ್/4 ಲೆನ್ಸ್‌ಗಳು ಚೆನ್ನ: ನಿಕಾನ್ 24–120, ಕ್ಯಾನನ್ ಮತ್ತು ಸೋನಿಯ 24–105, ಹಗುರವಾಗಿ ಬೇಕಿದ್ದರೆ ಸೋನಿಯ 20–70. ಜೂನ್‌ನಲ್ಲಿ ರಾತ್ರಿ ಹತ್ತರವರೆಗೆ ಬೆಳಕಿರುವ ಈ ನಾಡಿನಲ್ಲಿ ಬೇಸಿಗೆಗೆ ಎಫ್/4 ಧಾರಾಳ. ಚಳಿಗಾಲದ ಒಳಾಂಗಣಕ್ಕೆ ಕಡಿಮೆ ಬೆಲೆಯ 35 ಅಥವಾ 50 ಮಿಮೀ ಎಫ್/1.8 ಲೆನ್ಸೊಂದನ್ನು ಮುಂದೆಂದಾದರೂ ಸೇರಿಸಿಕೊಳ್ಳಬಹುದು.

ಕೊಳ್ಳುವ ಮೊದಲು ಒಂದು ಚಿಕ್ಕ ಪ್ರಯೋಗ ಮಾಡಿ. ಕಳೆದ ವರ್ಷ ಕಿಟ್ ಲೆನ್ಸ್‌ನಲ್ಲಿ ತೆಗೆದ, ನಿಮಗೆ ಇಷ್ಟವಾದ ನೂರು ಚಿತ್ರಗಳನ್ನು ತೆರೆಯಿರಿ. ಪ್ರತಿಯೊಂದರಲ್ಲೂ ಫೋಕಲ್ ಲೆಂತ್ ದಾಖಲಾಗಿರುತ್ತದೆ. ಗೀಟು ಹಾಕಿ ಎಣಿಸಿ. ಹೆಚ್ಚಿನವು ಯಾವ ತುದಿಯಲ್ಲಿವೆ ಎಂಬುದು ನಿಮ್ಮ ಲೆನ್ಸ್ ಯಾವುದೆಂದು ಹೇಳುತ್ತದೆ. ಆನ್‌ಲೈನ್‌ನಲ್ಲಿ ಅಂಗಡಿಯಿಂದ ಕೊಂಡರೆ ಯುರೋಪಿನ ನಿಯಮದಂತೆ 14 ದಿನದೊಳಗೆ ಹಿಂದಿರುಗಿಸುವ ಹಕ್ಕಿದೆ. ಆ ಎರಡು ವಾರಗಳಲ್ಲಿ ಅದನ್ನು ಸೈಕಲ್ ಮೇಲೆ ಹೊತ್ತು ನೋಡಿ. ಮಾರ್ಕ್ಟ್‌ಪ್ಲಾಟ್ಸ್‌ನಲ್ಲಿ ಖಾಸಗಿಯವರಿಂದ ಹಳೆಯದನ್ನು ಕೊಂಡರೆ ಆ ಹಕ್ಕಿಲ್ಲ. ಅಲ್ಲಿ ಕೈಯಲ್ಲಿ ಹಿಡಿದು, ಜೂಮ್ ತಿರುಗಿಸಿ, ಬೆಳಕಿಗೆ ಹಿಡಿದು ಒಳಗೆ ಬೂಷ್ಟು ಇದೆಯೇ ನೋಡಿ ಹಣ ಕೊಡಿ.

ಅಡುಗೆಮನೆಯ ಮಸೂರ

ಲೆನ್ಸ್ ಬಂದ ದಿನ ಮಕ್ಕಳನ್ನು ಅಡುಗೆಮನೆಗೆ ಕರೆಯಿರಿ. ಕನ್ನಡದ ‘ಮಸೂರ’ ಎಂಬ ಪದ ಬಂದಿರುವುದು ಮಸೂರ ಬೇಳೆಯಿಂದ, ನಮ್ಮಲ್ಲಿ ಹಲವರು ಚನ್ನಂಗಿ ಬೇಳೆ ಎನ್ನುವುದರಿಂದ. ಲ್ಯಾಟಿನ್ನಿನ ‘ಲೆನ್ಸ್’ ಪದಕ್ಕೂ ಅದೇ ಕಾಳೇ ಮೂಲ. ಡಚ್‌ನಲ್ಲಿ ಕಾಳಿಗೆ ‘ಲಿಂಝ’, ಗಾಜಿಗೆ ‘ಲೆನ್ಸ್’. ಇಡೀ ಕಾಳನ್ನು ಅಂಗೈಮೇಲಿಟ್ಟರೆ ಎರಡೂ ಕಡೆ ಉಬ್ಬಿದ ಪೀನ ಮಸೂರ. ಒಡೆದ ಬೇಳೆ ಒಂದು ಕಡೆ ಚಪ್ಪಟೆ, ಒಂದು ಕಡೆ ಉಬ್ಬು. ಪಾಠ ಅಷ್ಟೇ, ಮಿಕ್ಕದ್ದು ಸಾರಿಗೆ.

ಇನ್ನೊಂದು ಮಾತು. ಶಾಲೆಯ ಅಂಗಳದಲ್ಲಿ ಬೇರೆ ಮಕ್ಕಳ ಮುಖ ಬಾರದಂತೆ ನೋಡಿಕೊಳ್ಳಿ. ಅಪ್ಪ-ಅಮ್ಮಂದಿರ ಒಪ್ಪಿಗೆಯಿಲ್ಲದೆ ಮಕ್ಕಳ ಚಿತ್ರ ಹಂಚಿಕೊಳ್ಳುವುದನ್ನು ಇಲ್ಲಿನವರು ಸಹಿಸುವುದಿಲ್ಲ, ಅದು ಸರಿಯೂ ಹೌದು.

ಆಮೇಲೆ ತಿಂಗಳಿಗೊಮ್ಮೆ ಹತ್ತೇ ಚಿತ್ರ ಆರಿಸಿ, ವಿಡಿಯೋ ಕಾಲ್‌ನಲ್ಲಿ ಅಜ್ಜಿಗೆ ತೋರಿಸುವ ಕೆಲಸವನ್ನು ಮಗುವಿಗೇ ಬಿಡಿ. ಅಜ್ಜಿ ಮುಖ ನೋಡಿ ‘ಸಣ್ಣಗಾಗಿದ್ದೀಯಲ್ಲೇ’ ಎನ್ನುತ್ತಾರೆ, ಅದು ಇದ್ದದ್ದೇ. ಚಿತ್ರದಲ್ಲಿ ಜಾಗವೂ ಇದ್ದರೆ ಎರಡನೇ ಪ್ರಶ್ನೆ ಬರುತ್ತದೆ: “ಹಿಂದೆ ಕಾಣ್ತಿರೋದು ಏನು ಮರೀ?” ಅದಕ್ಕೆ ಉತ್ತರ ಕೊಡಲು ಮಗು ಕನ್ನಡದಲ್ಲಿ ಪದ ಹುಡುಕಬೇಕು. ಜೋಳದ ಹೊಲ, ಹಳ್ಳ, ಗೋಪುರ, ಮಂಜು. ಲೆನ್ಸ್‌ಗೆ ಕೊಟ್ಟ ದುಡ್ಡು ಅಲ್ಲಿಂದ ವಸೂಲಾಗಲು ಶುರು.