ಕಬ್ಬಿನ ಹಾಲು, ಆಕಾಶದ ಬೆಳಕು

ಬಬಲೇಶ್ವರದ ಕಡೆ ಕಬ್ಬು ಬೆಳೆಯೋರ ಮನೆಗಳಲ್ಲಿ 'ರಿಕವರಿ' ಅನ್ನೋ ಪದ ಸಣ್ಣ ಹುಡುಗರಿಗೂ ಗೊತ್ತು. ನೂರು ಕೆಜಿ ಕಬ್ಬಿನಿಂದ ಎಷ್ಟು ಕೆಜಿ ಸಕ್ಕರೆ ಬಂತು ಅನ್ನೋ ಲೆಕ್ಕ ಅದು. ಕೇಂದ್ರ ಸರ್ಕಾರದ ಎಫ್‌ಆರ್‌ಪಿ ದರ ನಿಂತಿರೋದೇ ಅದರ ಮೇಲೆ. 2025-26ರ ಹಂಗಾಮಿಗೆ 10.25% ರಿಕವರಿಗೆ ಕ್ವಿಂಟಲ್‌ಗೆ 355 ರೂಪಾಯಿ.

ನಮ್ಮ ಕಾಕಾ ಒಮ್ಮೆ ಕೇಳಿದ್ರು, "ಹಾಲಿನ್ಯಾಗ ಸಕ್ರಿ ಎಷ್ಟೈತಿ ಅಂತ ಆ ಮಷೀನಿಗೆ ಹೆಂಗ ತಿಳೀತದೋ ತಮ್ಮಾ?"

ಉತ್ತರ ಬಹಳ ಸೊಗಸಾಗಿದೆ. ತಿಕೋಟಾದ ದ್ರಾಕ್ಷಿಯವರು ಹಣ್ಣಿನ ಸಿಹಿ ನೋಡೋದು ರಸದಲ್ಲಿ ಬೆಳಕು ಎಷ್ಟು ಬಾಗುತ್ತೆ ಅಂತ. ಸಕ್ಕರೆ ಕಾರ್ಖಾನೆಯ ಲ್ಯಾಬಿನವರು ನೋಡೋದು ಎಷ್ಟು ತಿರುಗುತ್ತೆ ಅಂತ. ಬೆಳಕಿನ ಕಂಪನವನ್ನು ಸೋಸಿ ಒಂದೇ ದಿಕ್ಕಿಗೆ ತಂದು, ತಿಳಿಮಾಡಿದ ಕಬ್ಬಿನ ಹಾಲಿನ ಮೂಲಕ ಬಿಟ್ಟರೆ ಆ ದಿಕ್ಕು ಬಲಕ್ಕೆ ತಿರುಗುತ್ತದೆ. ಸಕ್ಕರೆ ಹೆಚ್ಚಿದ್ದಷ್ಟೂ ತಿರುವು ಹೆಚ್ಚು. ಲ್ಯಾಬಿನವರ ಬಾಯಲ್ಲಿ ಇದು 'ಪೋಲ್'.

ಎಲ್ಲಾ ಕೇಳಿ ಕಾಕಾ ಅಂದದ್ದು: "ಅದಕ್ಕ ಸೊನ್ನಿ ಯಾರು ಹಚ್ತಾರ? ಆ ಸೊನ್ನೀನ ತಪ್ಪಿದ್ರ?"

ಇದೇ ಪ್ರಶ್ನೆ ಈಗ ಇಡೀ ವಿಶ್ವದ ಮುಂದಿದೆ ಗೆಳೆಯರೇ! ಮಹಾಸ್ಫೋಟ ಆಗಿ ಸುಮಾರು 3.8 ಲಕ್ಷ ವರ್ಷಕ್ಕೆ ಹೊರಟ ಬೆಳಕು, 1380 ಕೋಟಿ ವರ್ಷ ನಡೆದು ಈಗ ನಮ್ಮನ್ನು ಮುಟ್ಟುತ್ತಿದೆ. ದಾರಿಯುದ್ದಕ್ಕೂ ಆಕ್ಸಿಯಾನ್ ಜಾತಿಯ, ಎಲೆಕ್ಟ್ರಾನ್‌ಗಿಂತ ಊಹೆಗೂ ಮೀರಿದಷ್ಟು ಹಗುರವಾದ ಕಣಗಳಿದ್ದರೆ? ಅಷ್ಟು ಹಗುರವಾದದ್ದು ಕಣಕ್ಕಿಂತ ಆಕಾಶವೆಲ್ಲ ತುಂಬಿದ ನಿಧಾನದ ಅಲೆಯಂತೆ ಇರುತ್ತದೆ. ಬೆಳಕು ಹೊರಟಾಗಿನ ಅಲೆಗೂ ತಲುಪಿದಾಗಿನ ಅಲೆಗೂ ಇರುವ ವ್ಯತ್ಯಾಸದಷ್ಟು ಬೆಳಕಿನ ದಿಕ್ಕು ತಿರುಗುತ್ತದೆ. ಸಕ್ಕರೆ ನೀರು ಒಂದೊಂದು ಬಣ್ಣವನ್ನು ಒಂದೊಂದು ಥರ ತಿರುಗಿಸುತ್ತದೆ. ಇದು ಹಾಗಲ್ಲ, ಎಲ್ಲಾ ಬಣ್ಣಕ್ಕೂ ಒಂದೇ ತಿರುವು.

2020ರಲ್ಲಿ ಯುಟೊ ಮಿನಾಮಿ, ಐಚಿರೊ ಕೊಮಾಟ್ಸು ಇಬ್ಬರೂ ಪ್ಲಾಂಕ್ ಉಪಗ್ರಹದ ಮಾಹಿತಿಯಲ್ಲಿ 0.35 ಡಿಗ್ರಿ ತಿರುವು ಕಂಡರು. ಆದರೆ ಉಪಗ್ರಹದ ಪತ್ತೆಯಂತ್ರವನ್ನೇ ಕೂರಿಸುವಾಗ ಒಂಚೂರು ಓರೆಯಾಗಿದ್ದರೂ ಹಾಗೇ ಕಾಣುತ್ತೆ! ಅದಕ್ಕೊಂದು ಜಾಣ ಉಪಾಯ ಮಾಡಿದರು. ನಮ್ಮ ಆಕಾಶಗಂಗೆಯ ಧೂಳಿನಿಂದ ಬರೋ ಬೆಳಕು ಹತ್ತಿರದ್ದು, ದಾರಿಯಲ್ಲಿ ತಿರುಗಲು ಅದಕ್ಕೆ ಪುರಸೊತ್ತೇ ಇಲ್ಲ. ಅದರಲ್ಲಿ ಕಂಡ ತಿರುವು ಯಂತ್ರದ್ದು. ಅದನ್ನು ಕಳೆದರೆ ಉಳಿದದ್ದು ವಿಶ್ವದ್ದು. ಲ್ಯಾಬಿನಲ್ಲಿ ಮೊದಲು ಬರೀ ನೀರು ತುಂಬಿ ಸೊನ್ನೆ ಹೊಂದಿಸಿದ ಹಾಗೆ.

2022ರಲ್ಲಿ ಇನ್ನಷ್ಟು ಮಾಹಿತಿ ಸೇರಿಸಿದಾಗ ಸಿಕ್ಕಿದ್ದು ಸುಮಾರು 0.34 ಡಿಗ್ರಿ, 3.6 ಸಿಗ್ಮಾ. ಆವಿಷ್ಕಾರ ಅನ್ನಿಸಿಕೊಳ್ಳಲು 5 ಬೇಕು. ಅದೂ ಅಲ್ಲದೆ, ಕಾಂತಕ್ಷೇತ್ರದಲ್ಲಿ ಸಾಲುಗಟ್ಟಿದ ಆ ಧೂಳೇ ಇಂಥದ್ದೊಂದು ತಿರುವಿನ ನಾಟಕ ಆಡಬಲ್ಲದು. ಅಂದ್ರೆ ಸೊನ್ನೆ ಹಚ್ಚೋಕೆ ತಂದ ನೀರಲ್ಲೇ ಸಕ್ಕರೆ ಇದೆಯೇನೋ ಅನ್ನೋ ಅನುಮಾನ :-)

ನಿಜವಾದರೆ ಕಪ್ಪುದ್ರವ್ಯದ ಅಥವಾ ಕಪ್ಪುಶಕ್ತಿಯ ಗುಟ್ಟು ಸ್ವಲ್ಪ ಬಿಚ್ಚೀತು. ಎಡ-ಬಲ ಎರಡೂ ಪ್ರಕೃತಿಗೆ ಒಂದೇ ಅಲ್ಲ ಅಂತಲೂ ಆದೀತು. ನಿಜವಾಗಲಿ ಅಂತ ನನ್ನ ಆಸೆ. ಆದರೆ ವರ್ಷದ ದುಡಿಮೆ ಒಂದು ಅಳತೆಯ ಮೇಲೆ ನಿಂತಿರೋ ರೈತ ಮೊದಲು ಸೊನ್ನೆಯನ್ನೇ ಅನುಮಾನಿಸುತ್ತಾನೆ, ವಿಜ್ಞಾನಿಯೂ ಅಷ್ಟೇ. ನೀವು ಏನಂತೀರಿ?